ಯಂತ್ರಸೃಷ್ಟಿ: ಮಾಡಿದವರಾರು, ಮಾಡಿಸಿದವರಾರು?

೧

ಒಂದು ಕೃತಿ ನಿಜವಾಗಿ ಯಾರದು ಎಂಬ ಪ್ರಶ್ನೆಯನ್ನು ನಮ್ಮ ಆಲಂಕಾರಿಕರು ಸಾವಿರ ವರ್ಷಗಳ ಹಿಂದೆಯೇ ಎತ್ತಿಕೊಂಡು ಚರ್ಚಿಸಿದ್ದಾರೆ. ಅಂದು ಅದು ಕವಿ ಕವಿಗಳ ನಡುವಣ ಪ್ರಶ್ನೆಯಾಗಿತ್ತು. ಹಿಂದಿನವನ ಭಾವವನ್ನು ಮುಂದಿನವನು ತೆಗೆದುಕೊಂಡಾಗ ಅದು ಎಷ್ಟರ ಮಟ್ಟಿಗೆ ಇವನದಾಗುತ್ತದೆ ಎಂಬುದೇ ಅದರ ತಿರುಳು. ಇಂದು ಅದೇ ಪ್ರಶ್ನೆ ಮನುಷ್ಯನಿಗೂ ಗಣಕಯಂತ್ರಕ್ಕೂ ನಡುವೆ ತಲೆದೋರಿದೆ. ಕೃತಕ ಬುದ್ಧಿಮತ್ತೆ ಎಂದು ಹೆಸರು ಪಡೆದಿರುವ ವಿಧಾನಕ್ಕೆ ನಾಲ್ಕು ಮಾತು ಹೇಳಿದರೆ ಅದು ಚಿತ್ರವನ್ನು ಬರೆದುಕೊಡುತ್ತದೆ. ವಿಷಯವನ್ನು ಸೂಚಿಸಿದರೆ ಪದ್ಯವನ್ನು ಹೊಸೆದುಕೊಡುತ್ತದೆ. ಇದನ್ನು ಸೃಷ್ಟಿಯೆನ್ನಬಹುದೇ? ಯಂತ್ರಕ್ಕೂ ಪ್ರತಿಭೆಯುಂಟೆಂದು ಬೆರಗಾಗುವವರು ಒಂದು ಕಡೆ, ಇದೆಲ್ಲ ಬರಿಯ ಕಳ್ಳತನವೆಂದು ತಳ್ಳಿಹಾಕುವವರು ಇನ್ನೊಂದು ಕಡೆ. ಇಬ್ಬರೂ ಪ್ರಶ್ನೆಯ ಚರಿತ್ರೆಯನ್ನು ನೋಡದೆ ತೀರ್ಪು ಕೊಡುತ್ತಿದ್ದಾರೆಂದು ತೋರುತ್ತದೆ. ಆ ಚರಿತ್ರೆಯನ್ನು ಸ್ಥೂಲವಾಗಿ ನಿರೂಪಿಸಿ, ನಮ್ಮ ಕಾವ್ಯಮೀಮಾಂಸೆಯೂ ನಮ್ಮ ಶಾಸನಗಳೂ ಈ ವಿಷಯದಲ್ಲಿ ಯಾವ ಅಳತೆಗೋಲನ್ನು ಒದಗಿಸುತ್ತವೆ ಎಂಬುದನ್ನು ವಿಚಾರಮಾಡುವುದೇ ಈ ಲೇಖನದ ಉದ್ದೇಶ.

೨

ಯಂತ್ರವು ಚಿತ್ರ ಬರೆದ ಕಥೆ ಗಣಕಯಂತ್ರಕ್ಕಿಂತ ಹಳೆಯದು. ಫ್ರಾನ್ಸಿನ ಲಿಯೋನ್ ನಗರದ ರೇಷ್ಮೆಯ ನೆಯ್ಗೆಯಲ್ಲಿ ಜೋಸೆಫ್ ಮರೀ ಜಕಾರ್ಡನು ೧೮೦೪ರ ಸುಮಾರಿಗೆ ಒಂದು ಹೊಸ ಮಗ್ಗವನ್ನು ಬಳಕೆಗೆ ತಂದನು. ಹಾಸಿನ ಯಾವ ಎಳೆ ಮೇಲೇಳಬೇಕು, ಯಾವುದು ಕೆಳಗುಳಿಯಬೇಕು ಎಂಬುದನ್ನು ಈ ಮಗ್ಗದಲ್ಲಿ ತೂತು ಕೊರೆದ ರಟ್ಟಿನ ಪಟ್ಟಿಗಳು ನಿಶ್ಚಯಿಸುತ್ತವೆ. ನಮ್ಮ ರೇಷ್ಮೆಸೀರೆಗಳ ಸೆರಗಿನ ಹೂಬಳ್ಳಿಗಳಲ್ಲಿ ಎಷ್ಟೋ ಇಂದಿಗೂ ಮೂಡುವುದು ಇದೇ ಜಕಾರ್ಡ್ ಮಗ್ಗದ ಮೇಲೆ. ೧೮೩೯ರಲ್ಲಿ ಲಿಯೋನಿನ ನೇಕಾರರು ಜಕಾರ್ಡನದೇ ಒಂದು ಭಾವಚಿತ್ರವನ್ನು ಸುಮಾರು ೨೪,೦೦೦ ಪಟ್ಟಿಗಳ ನೆರವಿನಿಂದ ರೇಷ್ಮೆಯಲ್ಲಿ ನೆಯ್ದರು. ನೋಡಿದವರು ಅದನ್ನು ಲೋಹದ ಕೆತ್ತನೆಯಿಂದ ತೆಗೆದ ಅಚ್ಚೆಂದು ಭ್ರಮಿಸುವಷ್ಟು ಅದು ನಯವಾಗಿತ್ತು. ಆದರೆ ಮೂಲಚಿತ್ರವನ್ನು ಬರೆದವನು ಬೊನೆಫೊಂ ಎಂಬ ಚಿತ್ರಕಾರ. ಮಗ್ಗ ಅದನ್ನು ನೆಯ್ದಿತು, ಕಲ್ಪಿಸಲಿಲ್ಲ.

ಈ ರೇಷ್ಮೆಯ ಚಿತ್ರದ ಒಂದು ಪ್ರತಿ ಲಂಡನ್ನಿನ ಚಾರ್ಲ್ಸ್ ಬ್ಯಾಬೇಜನ ಬಳಿ ಇದ್ದಿತು. ಆತನು ಯೋಜಿಸಿದ ಗಣನಯಂತ್ರಕ್ಕೂ ಇಂಥ ತೂತುಪಟ್ಟಿಗಳೇ ಆಧಾರ. ಅದು ಪೂರ್ಣವಾಗಿ ನಿರ್ಮಾಣವಾಗಲೇ ಇಲ್ಲ. ಆದರೂ ಅದರ ಮೇಲೆ ೧೮೪೩ರಲ್ಲಿ ಒಂದು ವಿಚಾರಪೂರ್ಣವಾದ ವ್ಯಾಖ್ಯಾನ ಹುಟ್ಟಿತು. ಬರೆದವಳು ಏಡಾ ಲವ್‌ಲೇಸ್, ಬೈರನ್ ಕವಿಯ ಮಗಳು. ಆಗ ಅವಳಿಗೆ ಇಪ್ಪತ್ತೇಳು ವರ್ಷ. ಇಟಲಿಯ ಮೆನಬ್ರಿಯಾ ಫ್ರೆಂಚಿನಲ್ಲಿ ಬರೆದಿದ್ದ ಲೇಖನವನ್ನು ಅನುವಾದಿಸಿ, ಮೂಲಕ್ಕಿಂತ ಹಲವು ಪಾಲು ದೊಡ್ಡದಾದ ಟಿಪ್ಪಣಿಗಳನ್ನು ಆಕೆ ಸೇರಿಸಿದಳು. ಸ್ವರಗಳ ಪರಸ್ಪರ ಸಂಬಂಧವನ್ನು ಗಣಿತದ ನಿಯಮಗಳಿಗೆ ಒಳಪಡಿಸಿದರೆ ಈ ಯಂತ್ರವು ಸಂಗೀತವನ್ನೂ ರಚಿಸಬಹುದೆಂದು ಆಕೆ ಊಹಿಸಿದಳು. ತಾನಾಗಿ ಯಾವುದನ್ನೂ ಮೊದಲುಮಾಡುವ ಶಕ್ತಿ ಅದಕ್ಕಿಲ್ಲ, ನಾವು ಹೇಳಿಕೊಡಬಲ್ಲದ್ದನ್ನು ಮಾತ್ರ ಅದು ಮಾಡಬಲ್ಲದು ಎಂದೂ ಎಚ್ಚರಿಸಿದಳು. ಇಂದಿನ ವಾದದ ಎರಡು ಪಕ್ಷಗಳೂ ಹೀಗೆ ಒಬ್ಬಳ ಲೇಖನಿಯಿಂದಲೇ ಹೊರಟವು ಎನ್ನಬಹುದು.

೩

ಮಗ್ಗ ಕುಶಲಕರ್ಮಿಗಳ ಲೋಕದ ವಸ್ತುವಾದ್ದರಿಂದ ಅದರ ಬಗ್ಗೆ ಕಲಾವಿಮರ್ಶಕರು ಹೆಚ್ಚು ತಲೆಕೆಡಿಸಿಕೊಳ್ಳಲಿಲ್ಲ. ಅವರನ್ನು ಕೆಣಕಿದ್ದು ಛಾಯಾಚಿತ್ರ. ದಾಗೆರ್ ಕಂಡುಹಿಡಿದ ವಿಧಾನವು ೧೮೩೯ರಲ್ಲಿ ಪ್ರಕಟವಾದ ಮೇಲೆ ಇಪ್ಪತ್ತು ವರ್ಷಗಳಲ್ಲಿ ಅದು ಪ್ಯಾರಿಸ್ಸಿನ ಬೀದಿಬೀದಿಗೂ ಹಬ್ಬಿತು. ೧೮೫೯ರಲ್ಲಿ ಬೋದಿಲೇರ್ ಕವಿ ಅದನ್ನು ಕಟುವಾಗಿ ಖಂಡಿಸಿ, ಅದು ಕಲೆಗಳ ದಾಸಿಯಾಗಿ ಇರಬೇಕೇ ಹೊರತು ಕಲೆಯ ಪೀಠವನ್ನು ಏರಕೂಡದೆಂದು ವಾದಿಸಿದನು. ೧೮೬೨ರಲ್ಲಿ ಮೇಯರ್ ಮತ್ತು ಪಿಯರ್ಸೋಂ ಎಂಬ ಛಾಯಾಚಿತ್ರಕಾರರು ತಮ್ಮ ಚಿತ್ರಗಳನ್ನು ನಕಲು ಮಾಡಿದವರ ಮೇಲೆ ಹೂಡಿದ್ದ ವ್ಯಾಜ್ಯದಲ್ಲಿ ಫ್ರಾನ್ಸಿನ ನ್ಯಾಯಾಲಯವು ಛಾಯಾಚಿತ್ರವೂ ಕಲಾಕೃತಿಯಾಗಬಲ್ಲದೆಂದು ಒಪ್ಪಿತು. ಇದನ್ನು ಪ್ರತಿಭಟಿಸಿದ ಮನವಿಗೆ ಆಂಗ್ರ್‌ನಂಥ ಮಹಾಚಿತ್ರಕಾರನೂ ಸಹಿ ಹಾಕಿದ್ದನು.

ಇದಕ್ಕಿಂತ ಬೋಧಪ್ರದವಾದದ್ದು ೧೮೮೪ರಲ್ಲಿ ಅಮೆರಿಕದ ಸರ್ವೋಚ್ಚ ನ್ಯಾಯಾಲಯ ಕೊಟ್ಟ ತೀರ್ಪು. ನ್ಯೂಯಾರ್ಕಿನ ನೆಪೋಲಿಯನ್ ಸರೋನಿ ೧೮೮೨ರಲ್ಲಿ ಆಸ್ಕರ್ ವೈಲ್ಡನ ಛಾಯಾಚಿತ್ರವನ್ನು ತೆಗೆದನು. ಒಂದು ಕಲ್ಲಚ್ಚಿನ ಸಂಸ್ಥೆ ಅಪ್ಪಣೆಯಿಲ್ಲದೆ ಅದರ ೮೫,೦೦೦ ಪ್ರತಿಗಳನ್ನು ಅಚ್ಚುಹಾಕಿತು. ಯಂತ್ರವು ಬೆಳಕನ್ನು ಹಿಡಿದದ್ದಷ್ಟೇ, ಇದರಲ್ಲಿ ಕರ್ತೃವೆಂಬವನು ಎಲ್ಲಿ, ಎಂಬುದು ಆ ಸಂಸ್ಥೆಯ ವಾದ. ನ್ಯಾಯಾಲಯವು ಅದನ್ನು ಒಪ್ಪಲಿಲ್ಲ. ಭಂಗಿಯನ್ನು ಗೊತ್ತುಮಾಡಿ, ಉಡುಪನ್ನು ಆರಿಸಿ, ನೆರಳು ಬೆಳಕುಗಳನ್ನು ಹೊಂದಿಸಿ, ಮನಸ್ಸಿನಲ್ಲಿ ಮೊದಲು ಕಂಡದ್ದನ್ನು ಸರೋನಿ ಕಣ್ಣಿಗೆ ಕಾಣಿಸಿದ್ದಾನೆ. ಆದುದರಿಂದ ಅವನೇ ಕರ್ತೃ ಎಂದು ತೀರ್ಮಾನಿಸಿತು. ನ್ಯಾಯಾಧೀಶರು ಹುಡುಕಿದ್ದು ಯಂತ್ರದ ಶಕ್ತಿಯನ್ನಲ್ಲ, ಅದರ ಹಿಂದಿನ ಸಂಕಲ್ಪವನ್ನು ಎಂಬುದು ಇಲ್ಲಿ ಗಮನಾರ್ಹ.

೪

ಗಣಕಯಂತ್ರ ಕಾರ್ಯರೂಪಕ್ಕೆ ಬಂದ ಮೇಲೆ ಲವ್‌ಲೇಸಳ ಊಹೆ ಪ್ರಯೋಗಕ್ಕೆ ಇಳಿಯಿತು. ಆಲನ್ ಟೂರಿಂಗ್ ೧೯೫೦ರಲ್ಲಿ ಬರೆದ ಪ್ರಸಿದ್ಧ ಪ್ರಬಂಧದಲ್ಲಿ ಆಕೆಯ ಆಕ್ಷೇಪವನ್ನು ಹೆಸರು ಹಿಡಿದೇ ಎತ್ತಿಕೊಂಡನು. ಯಂತ್ರಗಳು ತನ್ನನ್ನು ಎಷ್ಟೋ ಸಲ ಅಚ್ಚರಿಗೊಳಿಸಿವೆ. ಅಲ್ಲದೆ ಮನುಷ್ಯನು ತನ್ನ ಹೊಸತೆಂದು ಹೇಳಿಕೊಳ್ಳುವುದಾದರೂ ಹಿಂದೆ ಬಿತ್ತಿದ ಬೀಜದ ಬೆಳೆಯಲ್ಲವೆಂದು ಹೇಗೆ ಹೇಳುವುದು, ಎಂಬುದು ಆತನ ಸಮಾಧಾನ. ೧೯೫೨ರಲ್ಲಿ ಕ್ರಿಸ್ಟಫರ್ ಸ್ಟ್ರೇಚಿ ಎಂಬುವನು ಮ್ಯಾಂಚೆಸ್ಟರಿನ ಗಣಕಯಂತ್ರದಿಂದ ಪ್ರೇಮಪತ್ರಗಳನ್ನು ಬರೆಯಿಸಿದನು. ಪದಗಳ ಪಟ್ಟಿ, ವಾಕ್ಯದ ಎರಕ, ನಡುವೆ ದಾಳ ಎಸೆದಂತೆ ಆಯ್ಕೆ, ಇಷ್ಟೇ ಅದರ ರಹಸ್ಯ. ೧೯೫೭ರಲ್ಲಿ ಇಲಿನಾಯ್ ವಿಶ್ವವಿದ್ಯಾಲಯದ ಹಿಲ್ಲರ್ ಮತ್ತು ಐಸಾಕ್ಸನ್ ಇಬ್ಬರೂ ತಂತಿವಾದ್ಯ ಚತುಷ್ಟಯಕ್ಕಾಗಿ ಒಂದು ಸಂಗೀತಕೃತಿಯನ್ನು ಯಂತ್ರದಿಂದ ಪೂರ್ಣಗೊಳಿಸಿದರು. ಯಂತ್ರವು ಸ್ವರಗಳನ್ನು ಯದೃಚ್ಛೆಯಾಗಿ ಮುಂದಿಡುವುದು, ಲಕ್ಷಣಕ್ಕೆ ವಿರುದ್ಧವಾದದ್ದನ್ನು ನಿಯಮವು ತಳ್ಳಿಹಾಕುವುದು, ಇದು ಅವರ ವಿಧಾನ.

ಚಿತ್ರಕಲೆಯಲ್ಲಿ ಇಂಥ ಸಾಹಸಕ್ಕೆ ಕೈಹಾಕಿದವರಲ್ಲಿ ಹೆರಾಲ್ಡ್ ಕೋಹೆನ್ ಮುಖ್ಯನು. ೧೯೬೬ರ ವೆನಿಸ್ ಪ್ರದರ್ಶನದಲ್ಲಿ ಇಂಗ್ಲೆಂಡನ್ನು ಪ್ರತಿನಿಧಿಸಿದ್ದ ಈ ಚಿತ್ರಕಾರ ಕ್ಯಾಲಿಫೋರ್ನಿಯಕ್ಕೆ ಹೋಗಿ, ೧೯೭೦ರ ದಶಕದಿಂದ ೨೦೧೬ರಲ್ಲಿ ತೀರಿಕೊಳ್ಳುವವರೆಗೂ ಆರನ್ ಎಂಬ ಒಂದೇ ಕ್ರಮವಿಧಿಯನ್ನು ತಿದ್ದಿ ತೀಡಿ ಬೆಳೆಸಿದನು. ಆರನ್ ಇತರರ ಚಿತ್ರಗಳ ರಾಶಿಯನ್ನು ನೋಡಿ ಕಲಿತದ್ದಲ್ಲ. ರೇಖೆ ಎಲ್ಲಿ ತಿರುಗಬೇಕು, ಆಕೃತಿ ಎಲ್ಲಿ ಮುಚ್ಚಿಕೊಳ್ಳಬೇಕು ಎಂಬ ತನ್ನ ತಿಳಿವಳಿಕೆಯನ್ನೇ ಕೋಹೆನ್ ನಿಯಮರೂಪಕ್ಕೆ ಇಳಿಸಿ ಅದಕ್ಕೆ ಕೊಟ್ಟಿದ್ದನು. ಆ ಚಿತ್ರಗಳಲ್ಲಿ ಕೋಹೆನ್ನನ ಕೈ ಇಲ್ಲದಿದ್ದರೂ ಅವನ ಕಣ್ಣು ಇತ್ತು.

ಸಂಗೀತದಲ್ಲಿ ಡೇವಿಡ್ ಕೋಪ್ ಬೇರೆಯ ದಾರಿ ಹಿಡಿದನು. ಒಬ್ಬ ವಾಗ್ಗೇಯಕಾರನ ಕೃತಿಗಳನ್ನು ಬಿಡಿಸಿ, ಅವನ ಶೈಲಿಯ ಗುರುತುಗಳನ್ನು ಹೆಕ್ಕಿ, ಮತ್ತೆ ಜೋಡಿಸುವ ಕ್ರಮವಿಧಿ ಅವನದು. ೧೯೯೭ರಲ್ಲಿ ಆರೆಗಾನ್ ವಿಶ್ವವಿದ್ಯಾಲಯದಲ್ಲಿ ಮೂರು ರಚನೆಗಳನ್ನು ಶ್ರೋತೃಗಳ ಮುಂದೆ ನುಡಿಸಿದರು: ಒಂದು ಬಾಕನದು, ಒಂದು ಯಂತ್ರದ್ದು, ಇನ್ನೊಂದು ಬಾಕನ ಶೈಲಿಯಲ್ಲಿ ಒಬ್ಬ ಪ್ರಾಧ್ಯಾಪಕನು ಬರೆದದ್ದು. ಸಭೆಯು ಯಂತ್ರದ್ದನ್ನು ಬಾಕನದೆಂದೂ ಪ್ರಾಧ್ಯಾಪಕನದನ್ನು ಯಂತ್ರದ್ದೆಂದೂ ನಿರ್ಣಯಿಸಿತು. ಯಂತ್ರಪಕ್ಷಕ್ಕೆ ಇದು ಬಲವಾದ ಸಾಕ್ಷ್ಯ. ಇದನ್ನು ಮುಂದೆ ವಿಚಾರಿಸೋಣ.

೫

ಇಂದಿನ ಯಂತ್ರಗಳು ಕೋಹೆನ್ನನ ದಾರಿಯನ್ನು ಬಿಟ್ಟು ಕೋಪನ ದಾರಿಯನ್ನು ಬಹುದೂರ ಬೆಳೆಸಿವೆ. ಚಿತ್ರಯಂತ್ರಗಳಲ್ಲಿ ಈಗ ಪ್ರಚಾರದಲ್ಲಿರುವ ಒಂದು ಮುಖ್ಯ ವಿಧಾನ ಹೀಗಿದೆ: ಅಸಂಖ್ಯ ಚಿತ್ರಗಳ ಮೇಲೆ ಹಂತಹಂತವಾಗಿ ಮರಳೆರಚಿದಂತೆ ಕಲೆಗಳನ್ನು ಬೆರೆಸಿ, ಆ ಮಸುಕನ್ನು ಹಿಂದೆಗೆಯುವುದನ್ನು ಯಂತ್ರಕ್ಕೆ ರೂಢಿಮಾಡಿಸುತ್ತಾರೆ. ಬಳಿಕ ಬರಿಯ ಮಸುಕಿನಿಂದಲೇ ಆರಂಭಿಸಿ, ನಾವು ಕೊಟ್ಟ ಮಾತುಗಳ ಜಾಡಿನಲ್ಲಿ, ಅದು ಹೊಸ ಚಿತ್ರವೊಂದನ್ನು ಹೊರತೆಗೆಯುತ್ತದೆ. ಪದ್ಯಗದ್ಯಗಳ ಯಂತ್ರವು ಹಿಂದಿನ ಮಾತುಗಳನ್ನು ನೋಡಿ ಮುಂದೆ ಯಾವ ಪದಖಂಡ ಬರುವ ಸಂಭವ ಎಷ್ಟೆಂದು ಲೆಕ್ಕಹಾಕುತ್ತ ಸಾಗುತ್ತದೆ. ೨೦೨೨ರಲ್ಲಿ ಪ್ರಕಟವಾದ ಅಂಥ ಒಂದು ಸಾಮಗ್ರಿಸಂಗ್ರಹದಲ್ಲಿ ಐನೂರು ಕೋಟಿಗೂ ಮಿಕ್ಕಿದ ಚಿತ್ರಗಳ ನಿರ್ದೇಶವಿತ್ತು. ಅವನ್ನು ಬರೆದವರ, ತೆಗೆದವರ ಒಪ್ಪಿಗೆಯನ್ನು ಯಾರೂ ಕೇಳಿರಲಿಲ್ಲ. ೨೦೨೩ರ ಜನವರಿಯಲ್ಲಿ ಮೂವರು ಚಿತ್ರಕಲಾವಿದರು ಕ್ಯಾಲಿಫೋರ್ನಿಯದಲ್ಲಿ ವ್ಯಾಜ್ಯ ಹೂಡಿದ್ದು ಈ ಕಾರಣದಿಂದ.

ಮಾರುಕಟ್ಟೆಯೂ ಸ್ಪರ್ಧೆಗಳೂ ತಡಮಾಡಲಿಲ್ಲ. ೨೦೧೮ರ ಅಕ್ಟೋಬರಿನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ, ಸುಮಾರು ೧೫,೦೦೦ ಹಳೆಯ ಭಾವಚಿತ್ರಗಳಿಂದ ಕಲಿತ ಯಂತ್ರವೊಂದರ ಚಿತ್ರ ೪,೩೨,೫೦೦ ಡಾಲರಿಗೆ ಹೋಯಿತು. ಅದರ ಅಂದಾಜು ಬೆಲೆ ಹೆಚ್ಚೆಂದರೆ ಹತ್ತು ಸಾವಿರವಿತ್ತು. ಚಿತ್ರದ ಮೂಲೆಯಲ್ಲಿ ಕಲಾವಿದನ ಅಂಕಿತವಿರಬೇಕಾದಲ್ಲಿ ಗಣಿತದ ಒಂದು ಸೂತ್ರವನ್ನು ಬರೆದಿದ್ದರು. ೨೦೨೨ರಲ್ಲಿ ಅಮೆರಿಕದ ಕೊಲರಾಡೊ ರಾಜ್ಯದ ಜಾತ್ರೆಯ ಕಲಾಸ್ಪರ್ಧೆಯ ಒಂದು ವಿಭಾಗದಲ್ಲಿ ಜೇಸನ್ ಆಲೆನ್ ಎಂಬವರು ಯಂತ್ರದಿಂದ ಬರೆಯಿಸಿದ ಚಿತ್ರಕ್ಕೆ ಮೊದಲ ಬಹುಮಾನ ಬಂದಿತು. ಆ ಚಿತ್ರಕ್ಕಾಗಿ ತಾವು ಕಡಿಮೆಯೆಂದರೂ ೬೨೪ ಸಲ ಸೂಚನೆಗಳನ್ನು ಕೊಟ್ಟು ತಿದ್ದಿಸಿದುದಾಗಿ ಅವರು ಹೇಳಿದರು. ಆದರೂ ೨೦೨೩ರಲ್ಲಿ ಅಲ್ಲಿಯ ಕೃತಿಸ್ವಾಮ್ಯ ಕಚೇರಿಯು ಯಂತ್ರಕೃತವಾದ ಭಾಗಕ್ಕೆ ಸ್ವಾಮ್ಯವನ್ನು ಕೊಡಲೊಪ್ಪಲಿಲ್ಲ. ಯಂತ್ರವನ್ನೇ ಕರ್ತೃವೆಂದು ನಮೂದಿಸಿದ ಇನ್ನೊಂದು ಚಿತ್ರದ ವಿಷಯದಲ್ಲಿ ೨೦೨೫ರ ಮಾರ್ಚಿನಲ್ಲಿ ವಾಷಿಂಗ್ಟನ್ನಿನ ಮೇಲ್ಮನವಿಯ ನ್ಯಾಯಾಲಯವು ಕರ್ತೃ ಮನುಷ್ಯನಾಗಿರಲೇಬೇಕೆಂದು ವಿಧಿಸಿತು. ಇದಕ್ಕೆ ಪ್ರತಿಯಾಗಿ ಬೀಜಿಂಗಿನ ಒಂದು ನ್ಯಾಯಾಲಯವು ೨೦೨೩ರಲ್ಲಿ, ಸೂಚನೆಗಳನ್ನು ಆರಿಸಿ ಜೋಡಿಸಿದವನ ಬುದ್ಧಿವ್ಯಾಪಾರ ಕೃತಿಯಲ್ಲಿ ಕಾಣುವುದರಿಂದ ಅವನಿಗೆ ಸ್ವಾಮ್ಯವುಂಟೆಂದಿತು. ಎರಡು ತೀರ್ಮಾನಗಳೂ ವಿರುದ್ಧವೆಂದು ತೋರಿದರೂ ಒಂದು ಮಾತಿನಲ್ಲಿ ಏಕವಾಕ್ಯತೆಯಿದೆ: ಯಂತ್ರವನ್ನು ಕರ್ತೃವೆಂದು ಎರಡೂ ಎಣಿಸಲಿಲ್ಲ. ೧೮೮೪ರ ಸಂಕಲ್ಪದ ಪ್ರಶ್ನೆಯೇ ಇಲ್ಲಿಯೂ ಉಳಿದಿದೆ.

ನಮ್ಮ ದೇಶದ ೧೯೫೭ರ ಕೃತಿಸ್ವಾಮ್ಯ ಶಾಸನಕ್ಕೆ ೧೯೯೪ರಲ್ಲಿ ಆದ ತಿದ್ದುಪಡಿಯೂ ಇದೇ ದಾರಿಯದು. ಗಣಕಯಂತ್ರದಿಂದ ಉಂಟಾದ ಕೃತಿಗೆ, ಅದು ಉಂಟಾಗುವಂತೆ ಮಾಡಿದ ವ್ಯಕ್ತಿಯೇ ಕರ್ತೃ ಎಂದು ಅದು ಹೇಳುತ್ತದೆ. ಅಂದರೆ ಮಾಡಿದವನಲ್ಲ, ಮಾಡಿಸಿದವನು. ಕನ್ನಡಿಗರಿಗೆ ಈ ಮಾತು ಚಿರಪರಿಚಿತವಾದದ್ದು.

೬

ನಮ್ಮ ಶಾಸನಗಳಲ್ಲಿ ‘ಮಾಡಿದ’ ಎಂಬುದಕ್ಕೂ ‘ಮಾಡಿಸಿದ’ ಎಂಬುದಕ್ಕೂ ಇರುವ ಭೇದ ಬರಿಯ ವ್ಯಾಕರಣದ್ದಲ್ಲ. ಶ್ರವಣಬೆಳಗೊಳದ ಗೊಮ್ಮಟನ ಪಾದದ ಬಳಿ, ೧೦ನೆಯ ಶತಮಾನದ ಕೊನೆಯ ಆ ಮಹಾಕೃತಿಯ ಸಂಬಂಧದಲ್ಲಿ, ಚಾವುಂಡರಾಯನ ಹೆಸರಿನೊಡನೆ ಬಂದಿರುವ ಕ್ರಿಯಾಪದ ಪ್ರೇರಣಾರ್ಥಕವಾದದ್ದು, ಅವನು ಮಾಡಿಸಿದವನು. ಬೇಲೂರಿನ ಮದನಿಕೆಯರ ಪೀಠಗಳಲ್ಲಾದರೋ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಹೆಸರುಗಳನ್ನು ಕೊರೆದಿದ್ದಾರೆ, ಅವರು ಮಾಡಿದವರು. ಸೋಮನಾಥಪುರದಲ್ಲಿ ಮಲ್ಲಿತಮ್ಮನ ಹೆಸರು ಮತ್ತೆ ಮತ್ತೆ ಕಾಣುತ್ತದೆ. ವಿಷ್ಣುವರ್ಧನನು ೧೧೧೭ರಲ್ಲಿ ಬೇಲೂರಿನ ದೇಗುಲವನ್ನು ಮಾಡಿಸಿದನೆಂಬ ಕೀರ್ತಿಯಿಂದ ದಾಸೋಜನ ಉಳಿಯ ಕೀರ್ತಿಗೆ ಕುಂದು ಬರಲಿಲ್ಲ. ಮಾಡಿಸಿದವನ ಇಚ್ಛೆಗೂ ಮಾಡಿದವನ ಕುಶಲತೆಗೂ ಬೇರೆ ಬೇರೆಯಾಗಿ ಗೌರವ ಸಲ್ಲುವ ಒಂದು ಲೆಕ್ಕ ಅಲ್ಲಿದೆ.

ಈ ಲೆಕ್ಕವನ್ನು ಯಂತ್ರಕ್ಕೆ ಅನ್ವಯಿಸಿ ನೋಡಬೇಕು. ಸೂಚನೆ ಕೊಟ್ಟವನು ಮಾಡಿಸಿದವನು, ಅದು ಸರಿ. ಮಾಡಿದವರು ಯಾರು? ಯಂತ್ರವೆಂದು ಒಡನೆಯೇ ಹೇಳಿಬಿಡುವಂತಿಲ್ಲ. ಅದರ ಕೌಶಲವೆಲ್ಲ ಕೋಟ್ಯಂತರ ಕೈಗಳಿಂದ ಬಂದದ್ದು. ಹಿಂದೆ ರೂವಾರಿ ನಿಂತಿದ್ದ ಸ್ಥಳದಲ್ಲಿ ಈಗ ಒಬ್ಬ ರೂವಾರಿಯಿಲ್ಲ, ಹೆಸರು ಅಳಿಸಿದ ಅಸಂಖ್ಯ ರೂವಾರಿಗಳಿದ್ದಾರೆ. ೨೦೧೮ರ ಹರಾಜಿನ ಚಿತ್ರದಲ್ಲಿ ಅಂಕಿತದ ಸ್ಥಳವನ್ನು ಸೂತ್ರವೊಂದು ಆಕ್ರಮಿಸಿದ್ದು ಈ ಅಳಿಸುವಿಕೆಗೆ ಒಳ್ಳೆಯ ಸಂಕೇತವಾಗಿದೆ.

೭

ಹಾಗಾದರೆ ಅನ್ಯರಿಂದ ಕಲಿಯದ ಕವಿ ಯಾರಿದ್ದಾನೆ ಎಂಬ ಪೂರ್ವಪಕ್ಷ ಇಲ್ಲಿ ಏಳುತ್ತದೆ. ಅದು ನ್ಯಾಯವಾದದ್ದೇ. ರಾಜಶೇಖರನು ತನ್ನ ಕಾವ್ಯಮೀಮಾಂಸೆಯಲ್ಲಿ ಕಳ್ಳನಲ್ಲದ ಕವಿಯೂ ಇಲ್ಲ, ವರ್ತಕನೂ ಇಲ್ಲ ಎಂದು ನಗೆಯಾಡಿದ್ದಾನೆ. ಆದರೆ ೯ನೆಯ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ಈ ವಿಷಯಕ್ಕೆ ಸೂಕ್ಷ್ಮವಾದ ವಿಭಾಗವನ್ನು ಮಾಡಿಟ್ಟಿದ್ದಾನೆ. ಒಂದು ಕಾವ್ಯ ಇನ್ನೊಂದನ್ನು ಹೋಲುವುದು ಮೂರು ಬಗೆ: ಕನ್ನಡಿಯ ಬಿಂಬದಂತೆ, ಚಿತ್ರದಲ್ಲಿ ಬರೆದ ಆಕಾರದಂತೆ, ಒಬ್ಬ ಮನುಷ್ಯ ಇನ್ನೊಬ್ಬನನ್ನು ಹೋಲುವಂತೆ. ಮೊದಲನೆಯದಕ್ಕೆ ತನ್ನದೆಂಬ ಆತ್ಮವೇ ಇಲ್ಲ. ಎರಡನೆಯದರ ಆತ್ಮ ತುಚ್ಛವಾದದ್ದು. ಮೂರನೆಯದಕ್ಕೆ ತನ್ನದೇ ಆದ ಜೀವವುಂಟು, ಅದನ್ನು ಕವಿ ಬಿಡಬೇಕಾಗಿಲ್ಲ. ಯಂತ್ರದ ಕೃತಿ ಬಹುಮಟ್ಟಿಗೆ ಎರಡನೆಯ ವರ್ಗಕ್ಕೆ ಸೇರುತ್ತದೆಂದು ನನ್ನ ಅಭಿಪ್ರಾಯ. ಅದು ಬರಿಯ ಪ್ರತಿಬಿಂಬವಲ್ಲ. ಮೂಲದಲ್ಲಿ ಎಲ್ಲಿಯೂ ಇಲ್ಲದ ಜೋಡಣೆ ಅದರಲ್ಲಿರಬಹುದು. ಆದರೆ ಒಳಗೆ ನಿಂತು ಮಾತಾಡುವ ಜೀವವನ್ನು ಕಾಣೆವು.

ಆ ಜೀವಕ್ಕೆ ಆನಂದವರ್ಧನನ ಶಾಸ್ತ್ರದಲ್ಲಿಯೇ ಒಂದು ಹೆಸರಿದೆ: ವಿವಕ್ಷೆ, ಅಂದರೆ ಹೇಳಬೇಕೆಂಬ ಇಚ್ಛೆ. ರಸವನ್ನು ಹೇಳಬೇಕೆಂಬ ವಿವಕ್ಷೆಯಿಲ್ಲದೆ ಬರಿಯ ಅಲಂಕಾರಗಳನ್ನು ಜೋಡಿಸಿದ ರಚನೆಯನ್ನು ಆತ ಚಿತ್ರವೆಂದು ಕರೆದು, ಅದು ಕಾವ್ಯವಲ್ಲ, ಕಾವ್ಯದ ಅನುಕರಣವೆಂದು ತೀರ್ಮಾನಿಸಿದ್ದಾನೆ. ಸರೋನಿಯ ಪ್ರಕರಣದಲ್ಲಿ ಅಮೆರಿಕದ ನ್ಯಾಯಾಧೀಶರು ಹುಡುಕಿದ ಸಂಕಲ್ಪವೂ ಇದೇ. ದಂಡಿ ಹೇಳಿದ ಪ್ರತಿಭೆ, ಶ್ರುತ, ಅಭಿಯೋಗ ಎಂಬ ಮೂರು ಕಾರಣಗಳಲ್ಲಿ ಯಂತ್ರಕ್ಕೆ ಶ್ರುತ ಅಪಾರ, ಅಭಿಯೋಗ ಅವಿರತ. ಇಲ್ಲದ್ದು ಹೇಳಲೇಬೇಕೆಂಬ ಒತ್ತಡ.

ನಮ್ಮ ಸಾಹಿತ್ಯದಿಂದ ಒಂದು ನಿದರ್ಶನವನ್ನು ತೆಗೆದುಕೊಳ್ಳಬಹುದು. ಪಂಪನು ೯೪೧ರ ಸುಮಾರಿಗೆ ವಿಕ್ರಮಾರ್ಜುನವಿಜಯವನ್ನು ರಚಿಸಿದಾಗ ಕಥೆ ವ್ಯಾಸರದು, ಅಲಂಕಾರಗಳ ಬಹುಪಾಲು ಪರಂಪರೆಯದು. ಆದರೆ ತನ್ನ ಒಡೆಯ ಅರಿಕೇಸರಿಯನ್ನು ಅರ್ಜುನನಲ್ಲಿ ಕಂಡದ್ದು, ನಾಯಕನು ಅರ್ಜುನನೇ ಆದರೂ ಕರ್ಣನ ಕಡೆಗೆ ಮನಸ್ಸು ವಾಲಿದ್ದು ಅವನ ಸ್ವಂತದ್ದು. ಈಗಿನ ತೆಲಂಗಾಣದಲ್ಲಿರುವ ವೇಮುಲವಾಡದ ಆಸ್ಥಾನದಲ್ಲಿ ಕುಳಿತು ಬನವಾಸಿಯ ದೇಶವನ್ನು ನೆನೆದಾಗ ಅವನ ಮಾತಿಗೆ ಬಂದ ಬಿಸುಪು, ಊರು ಬಿಟ್ಟು ಬಂದ ನಮಗೆ ವಿವರಿಸಬೇಕಾದದ್ದಲ್ಲ. ಮಲ್ಲಿಗೆ, ಮಾಮರ, ತಂಗಾಳಿಗಳನ್ನು ಯಂತ್ರವೂ ಸೊಗಸಾಗಿ ಪೋಣಿಸಬಲ್ಲದು. ಅದು ಬಿಟ್ಟುಬಂದ ಊರು ಯಾವುದೂ ಇಲ್ಲ.

ಇನ್ನು ಆರೆಗಾನಿನ ಸಾಕ್ಷ್ಯ. ಅಲ್ಲಿಯ ಶ್ರೋತೃಗಳು ಪಡೆದ ಆನಂದ ಸುಳ್ಳೆಂದು ಯಾರೂ ಹೇಳುವಂತಿಲ್ಲ. ರಸದ ಆಶ್ರಯ ಸಹೃದಯನೆಂದು ಅಭಿನವಗುಪ್ತನ ಮತ. ಸಂಜೆಯ ಮೋಡದಲ್ಲಿಯೂ ನಾವು ಸೌಂದರ್ಯವನ್ನು ಕಂಡು ಸುಖಿಸುತ್ತೇವೆ. ಆದರೆ ಮೋಡವನ್ನು ಕವಿಯೆನ್ನುವುದಿಲ್ಲ. ಸವಿದವನ ಅನುಭವದಿಂದ ಮಾಡಿದವನ ಸ್ವರೂಪವನ್ನು ಸಾಧಿಸುವುದು ಹೇತ್ವಾಭಾಸ. ಮೇಲಾಗಿ ಅಲ್ಲಿ ಯಂತ್ರವು ಬಾಕನನ್ನು ಹೋಲಿದ್ದು ಬಾಕನು ಮೊದಲು ಇದ್ದುದರಿಂದ.

ಮಾಡಿಸಿದವನ ಪಾಲನ್ನು ಮಾತ್ರ ನಾವು ಕಡೆಗಣಿಸಬಾರದು. ರಾಜಶೇಖರನು ಪ್ರತಿಭೆಯನ್ನು ಕಾರಯಿತ್ರೀ, ಭಾವಯಿತ್ರೀ ಎಂದು ಎರಡಾಗಿ ವಿಭಾಗಿಸಿದ್ದಾನೆ. ಮೊದಲನೆಯದು ರಚಿಸುವವನದು, ಎರಡನೆಯದು ಗುಣದೋಷಗಳನ್ನು ಅರಿತು ಆಸ್ವಾದಿಸುವವನದು. ನೂರಾರು ಸಲ ತಿದ್ದಿಸಿ, ಬೇಡವಾದದ್ದನ್ನು ಬಿಟ್ಟು, ಬೇಕಾದದ್ದನ್ನು ಹಿಡಿದವನಲ್ಲಿ ಭಾವಯಿತ್ರಿಯಾದರೂ ಕೆಲಸಮಾಡಿದೆ. ಕೋಹೆನ್ನನಂತೆ ತನ್ನ ದೃಷ್ಟಿಯನ್ನೇ ನಿಯಮವಾಗಿಸಿ ದಶಕಗಳ ಕಾಲ ದುಡಿದವನಲ್ಲಿ ಕಾರಯಿತ್ರಿಯೂ ಇದೆಯೆಂದು ಒಪ್ಪಬೇಕು. ಒಂದು ಸಾಲಿನ ಸೂಚನೆ ಕೊಟ್ಟು ಬಂದದ್ದನ್ನು ಎತ್ತಿಕೊಂಡವನಲ್ಲಿ ಎರಡೂ ಇಲ್ಲ. ಯಂತ್ರವನ್ನು ಬಳಸಿದ್ದರಿಂದ ಕೃತಿ ಕೆಡುವುದಿಲ್ಲ, ಬೆಳಗುವುದೂ ಇಲ್ಲ. ಬಳಸಿದವನ ವಿವಕ್ಷೆ ಎಷ್ಟೋ ಅಷ್ಟು ಅದು ಅವನದು.

೮

ಈ ವಿಚಾರ ನಮಗೆ ಬರಿಯ ತರ್ಕಕ್ರೀಡೆಯಲ್ಲ. ಹೊರನಾಡಿನಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಅನೇಕರು ಕನ್ನಡವನ್ನು ಆಡುವರು, ಬರೆಯಲು ಅಂಜುವರು. ಅವರಿಗೆ ಯಂತ್ರವು ತಪ್ಪಿಲ್ಲದ ಕನ್ನಡವನ್ನು ಬರೆದುಕೊಡುವೆನೆಂದು ಮುಂದೆ ಬರುತ್ತದೆ. ಕಾಗುಣಿತ ತಿದ್ದುವುದಕ್ಕೆ, ಪದದ ಅರ್ಥ ಕೇಳುವುದಕ್ಕೆ ಅದು ಒಳ್ಳೆಯ ಉಪಾಧ್ಯಾಯನೇ ಆಗಬಹುದು. ಆದರೆ ಹೇಳಬೇಕೆಂಬ ಇಚ್ಛೆಯನ್ನೂ ಅದಕ್ಕೇ ಒಪ್ಪಿಸಿದರೆ, ಉಳಿಯುವುದು ಹಳೆಯ ಕನ್ನಡಿಗರ ಮಾತಿನ ಸರಾಸರಿ; ಈ ಮಕ್ಕಳು ಮುಂಬಯಿಯಲ್ಲಿ, ದೆಹಲಿಯಲ್ಲಿ ಕಂಡ ಬಾಳು ಅದರೊಳಗೆ ಬರುವುದೇ ಇಲ್ಲ. ತಪ್ಪುಗಳಿದ್ದರೂ ತನ್ನದಾದ ಒಂದು ಪುಟ ಭಾಷೆಗೆ ಸಂದ ಹೊಸ ಜಮೆ. ತಪ್ಪಿಲ್ಲದ ಯಂತ್ರದ ಪುಟ ಹಳೆಯ ಠೇವಣಿಯನ್ನು ಒಂದು ಖಾತೆಯಿಂದ ಇನ್ನೊಂದಕ್ಕೆ ವರ್ಗಾಯಿಸಿದಂತೆ.

ಬ್ಯಾಂಕುಗಳಲ್ಲಿ ಬಡ್ಡಿಯ ಲೆಕ್ಕವನ್ನು ಗಣಕಯಂತ್ರವೇ ಮಾಡುತ್ತದೆ. ನಮ್ಮಲ್ಲಿ ಯಾರೂ ಅದಕ್ಕೆ ದುಃಖಿಸುವುದಿಲ್ಲ. ಆದರೆ ಸಾಲವನ್ನು ಮಂಜೂರು ಮಾಡಿದ ಕಾಗದದ ಮೇಲೆ ಒಬ್ಬ ಅಧಿಕಾರಿಯ ಸಹಿ ಇರುತ್ತದೆ. ನಾಳೆ ಲೆಕ್ಕಪರಿಶೋಧಕರು ಬಂದಾಗ ಉತ್ತರ ಹೇಳಬೇಕಾದವನು ಅವನು. ಕರ್ತೃತ್ವವೆಂಬುದರ ಒಂದು ಮುಖ ಈ ಉತ್ತರವಾದಿತ್ವ. ನಮ್ಮ ಸಂಘಗಳ ಸ್ಪರ್ಧೆಗಳಿಗೂ ಪತ್ರಿಕೆಗಳಿಗೂ ಇದರಿಂದ ಸರಳವಾದ ಒಂದು ನಿಯಮವನ್ನು ಮಾಡಿಕೊಳ್ಳಬಹುದೆಂದು ತೋರುತ್ತದೆ: ಯಂತ್ರವನ್ನು ಬಳಸಿದ್ದರೆ ಎಷ್ಟು, ಯಾವ ಭಾಗಕ್ಕೆ ಎಂಬುದನ್ನು ಲೇಖಕರು ಹೇಳತಕ್ಕದ್ದು, ಅಂಕಿತ ಹಾಕಿದವರು ಪ್ರತಿಯೊಂದು ಪದಕ್ಕೂ ತಾವೇ ಹೊಣೆಯೆಂದು ಒಪ್ಪತಕ್ಕದ್ದು.

ಮುಂದೊಂದು ಕಾಲದಲ್ಲಿ ಯಂತ್ರಕ್ಕೇ ಹೇಳಬೇಕೆಂಬ ಇಚ್ಛೆ ಹುಟ್ಟುವುದೋ ಏನೋ, ಅದನ್ನು ಇಂದೇ ನಿರಾಕರಿಸುವುದು ದುಡುಕಾದೀತು. ಅಲ್ಲಿಯವರೆಗೆ ನಮ್ಮ ಹಳೆಯ ಶಾಸನಗಳ ಮರ್ಯಾದೆಯೇ ಸಾಕು: ಮಾಡಿಸಿದವನು ಮಾಡಿಸಿದೆನೆಂದೇ ಹೇಳಲಿ, ಮಾಡಿದವರ ಹೆಸರುಗಳನ್ನು ಕಲ್ಲಿನಿಂದ ಕೆರೆದುಹಾಕದಿರಲಿ.